ಎರಡು ವರ್ಷದ ಕೂಸಿನ ಮಾತು: ತಾಯಿಯನ್ನು ಕೇಳಿರಿ, ಅವಳ ಮಾತಿನಲ್ಲೇ ಕೇಳಿರಿ

ಮಾನ್ಯ ಸಂಪಾದಕರೇ,

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಮೊದಲು ಅಂಗನವಾಡಿ ಕಾರ್ಯಕರ್ತೆಯಾಗಿ, ಬಳಿಕ ಮೇಲ್ವಿಚಾರಕಿಯಾಗಿ ಒಟ್ಟು 26 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಇಷ್ಟು ವರ್ಷಗಳಲ್ಲಿ ಸಾವಿರಾರು ಮಕ್ಕಳನ್ನು ತೂಗಿದ್ದೇನೆ, ತೋಳಿನ ಸುತ್ತಳತೆಯನ್ನು ಪಟ್ಟಿ ಹಿಡಿದು ಅಳೆದಿದ್ದೇನೆ, ಎತ್ತರ ಬರೆದಿದ್ದೇನೆ. ತೂಕ ಕಡಿಮೆ ಇರುವ ಕೂಸನ್ನು ಯಾವ ಬಣ್ಣದ ಪಟ್ಟೆಯಲ್ಲಿ ಗುರುತಿಸಬೇಕು, ಯಾರಿಗೆ ತಿಳಿಸಬೇಕು, ಎಲ್ಲಿಗೆ ಕಳಿಸಬೇಕು ಎಂಬುದು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಕಾರ್ಯಕರ್ತೆಗೂ ಬಾಯಿಪಾಠವಾಗಿದೆ. ಆದರೆ ಎರಡು ವರ್ಷ ತುಂಬಿದರೂ ಮಾತು ಬಾರದ ಕೂಸು ಎದುರಿಗೆ ಬಂದು ಕುಳಿತಾಗ ನಾವು ಅದರ ತೂಕ ಬರೆದುಕೊಂಡು, ತಾಯಿಯ ಕೈಗೆ ಆಹಾರದ ಪೊಟ್ಟಣ ಕೊಟ್ಟು, ಮುಂದಿನವರನ್ನು ಕರೆಯುತ್ತಿದ್ದೆವು. ಮಾತನ್ನೂ ಅಳೆಯಬಹುದು, ಅದಕ್ಕೂ ಒಂದು ಅಳತೆಗೋಲು ಇದೆ ಎಂಬುದು ನನಗೆ ಗೊತ್ತಾದದ್ದು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ. ಆ ಅಳತೆಗೋಲು ತಂದೆತಾಯಿಯನ್ನು ಕೇಳಿ ತುಂಬುವ ಪ್ರಶ್ನಾವಳಿ. ಅದನ್ನು ನಮ್ಮ ಭಾಗದ ಮಕ್ಕಳಿಗೆ ಏಕೆ ಬಳಸಬೇಕು, ಬಳಸುವಾಗ ಎಲ್ಲಿ ಎಚ್ಚರ ತಪ್ಪಬಾರದು ಎಂಬ ಕುರಿತು ನನ್ನ ಅಭಿಪ್ರಾಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಅಧಿಕಾರಿಗಳ ಮುಂದಿಡಲು ಬಯಸುತ್ತೇನೆ.

ಸರ್ಕಾರದ ವ್ಯವಸ್ಥೆಯಲ್ಲಿ ಇದಕ್ಕೆ ಜಾಗವೇ ಇಲ್ಲವೆಂದು ನಾನು ಹೇಳಲಾರೆ. 2013ರ ಫೆಬ್ರುವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 30 ಬಗೆಯ ಆರೋಗ್ಯ ಸಮಸ್ಯೆಗಳನ್ನು ಗುರುತಿಸಬೇಕು. ಭಾಷಾ ಬೆಳವಣಿಗೆಯ ವಿಳಂಬವೂ ಶ್ರವಣದೋಷವೂ ಆ ಪಟ್ಟಿಯಲ್ಲಿವೆ. ವೈದ್ಯರ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆದರೆ ತಂಡ ಬಂದ ಹೊತ್ತಿನಲ್ಲಿ ಕೇಂದ್ರದಲ್ಲಿ ಸಿಗುವುದು ಮೂರು ವರ್ಷ ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವು ಮನೆಯಲ್ಲಿ ಅಜ್ಜಿಯ ಬಳಿ ಇರುತ್ತವೆ, ಇಲ್ಲವೇ ಹೊಲದ ಬದುವಿನ ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತವೆ. 2018ರಲ್ಲಿ ಬಂದ ಚಿಕ್ಕ ಮಕ್ಕಳ ಗೃಹಾಧಾರಿತ ಆರೈಕೆ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆ 3, 6, 9, 12 ಮತ್ತು 15ನೇ ತಿಂಗಳಿಗೆ ಮನೆಗೆ ಹೋಗುತ್ತಾಳೆ, ಅಲ್ಲಿಗೆ ಆ ಭೇಟಿಗಳು ಮುಗಿಯುತ್ತವೆ. ಕೂಸಿನ ಬಾಯಲ್ಲಿ ಪದಗಳು ಒಂದೊಂದಾಗಿ ಮೂಡಿ, ಪದಕ್ಕೆ ಪದ ಕೂಡಿ ಮಾತಾಗುವುದು ಸರಿಯಾಗಿ ಅದರ ನಂತರದ ತಿಂಗಳುಗಳಲ್ಲಿ. 15 ತಿಂಗಳಿಂದ 3 ವರ್ಷದವರೆಗಿನ ಆ ಅವಧಿಯಲ್ಲಿ ನಮ್ಮ ಹಳ್ಳಿಗಳ ತಾಯಿಯನ್ನು ‘ನಿನ್ನ ಕೂಸು ಏನೇನು ಮಾತಾಡುತ್ತದೆ?’ ಎಂದು ತಪ್ಪದೆ ಕೇಳುವವರು ಯಾರೂ ಇಲ್ಲ.

ಯಾರೂ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. ನನ್ನ ತಮ್ಮನ ಮಗ ತನ್ನ ಸೋದರಮಾವನ ಮಗಳನ್ನೇ ಮದುವೆಯಾಗಿದ್ದಾನೆ. ಅವರ ಮಗಳು ಹುಟ್ಟಿನಿಂದ ಚೂಟಿಯಾಗಿದ್ದಳು. ಕಣ್ಣಿಗೆ ಕಣ್ಣಿಟ್ಟು ನಗುತ್ತಿದ್ದಳು, ಕೈಬೀಸಿ ಕರೆದರೆ ಓಡಿ ಬರುತ್ತಿದ್ದಳು, ಬೇಕಾದದ್ದನ್ನು ಬೆರಳಿಟ್ಟು ತೋರಿಸುತ್ತಿದ್ದಳು. ಒಂದೂವರೆ ವರ್ಷವಾದರೂ ‘ಅವ್ವ’ ಎನ್ನಲಿಲ್ಲ. ‘ನಮ್ಮ ಮನಿತನದಾಗ ಎಲ್ಲಾರೂ ತಡಾನ ಮಾತಾಡ್ಯಾರ’ ಎಂದು ಹಿರಿಯರು ಸಮಾಧಾನ ಹೇಳಿದರು. ಎರಡು ವರ್ಷಕ್ಕೆ ಒಬ್ಬ ವೈದ್ಯರಿಗೆ ತೋರಿಸಿದಾಗ ಅವರು ಗಂಟಲು ನೋಡಿ, ನಾಲಿಗೆ ಎತ್ತಿ ನೋಡಿ, ‘ಇನ್ನೊಂದು ವರ್ಷ ಕಾಯಿರಿ, ತಾನಾಗೇ ಬರುತ್ತದೆ’ ಎಂದು ಕಳಿಸಿಕೊಟ್ಟರು. ಮನೆದೇವರಿಗೆ ಹಿತ್ತಾಳೆಯ ಗಂಟೆ ಕಟ್ಟುವ ಹರಕೆಯೂ ಆಯಿತು. ನಾಗರ ಪಂಚಮಿಗೆ ತವರಿಗೆ ಹೋದಾಗ ನಾನೂ ಆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಂಡಿ ತಿನ್ನಿಸಿ ಬಂದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾಲ್ಕು ವರ್ಷ ದಾಟಿದ ಮೇಲೆ, ಶಾಲೆಯ ಶಿಕ್ಷಕಿಯೊಬ್ಬರು ಅನುಮಾನಪಟ್ಟು ಹೇಳಿದ್ದಕ್ಕೆ ಬೆರಾ ಪರೀಕ್ಷೆ (ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ) ಮಾಡಿಸಿದಾಗ ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷವಿರುವುದು ತಿಳಿಯಿತು. ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಆ ತಾಯಿ ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: ‘ಬೆನ್ನ ಹಿಂದ ನಿಂತು ಕರದ್ರ ತಿರಗತಿದ್ದಿಲ್ಲ ಅಂತ ನನಗ ಮೊದಲ ಗೊತ್ತಿತ್ತ ಅತ್ತಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.’

ಪ್ರತಿ ಶಿಶುವಿನ ಕಿವಿಯನ್ನು ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷಿಸಿ, ಅನುಮಾನ ಬಂದರೆ ಮೂರು ತಿಂಗಳೊಳಗೆ ದೋಷವನ್ನು ಖಚಿತಪಡಿಸಿಕೊಂಡು, ಆರು ತಿಂಗಳೊಳಗೆ ಚಿಕಿತ್ಸೆ ತರಬೇತಿ ಆರಂಭಿಸಬೇಕೆಂಬುದು ಈ ಕ್ಷೇತ್ರದವರು ಒಪ್ಪಿರುವ ಗುರಿ. ಜಗತ್ತಿನಾದ್ಯಂತ ಸಾವಿರ ಶಿಶುಗಳಲ್ಲಿ ಒಂದರಿಂದ ಮೂರಕ್ಕೆ ಹುಟ್ಟಿನಿಂದಲೇ ಶ್ರವಣದೋಷವಿರುತ್ತದೆ ಎಂಬ ಲೆಕ್ಕವಿದೆ. ರಕ್ತಸಂಬಂಧದಲ್ಲೇ ಮದುವೆ ಮಾಡುವ ರೂಢಿ ಇರುವ ನಮ್ಮಂಥ ಕಡೆ ಅದರ ಸಂಭವ ಇನ್ನೂ ಹೆಚ್ಚು. ಆ ಕೂಸಿಗೆ ಆರು ತಿಂಗಳಲ್ಲಿ ಸಿಗಬೇಕಾದದ್ದು ಸಿಕ್ಕಿದ್ದು ನಾಲ್ಕು ವರ್ಷಕ್ಕೆ. ನಡುವಿನ ಮೂರೂವರೆ ವರ್ಷ, ಮಿದುಳು ಭಾಷೆಯನ್ನು ಅತ್ಯಂತ ಸುಲಭವಾಗಿ ಹೀರಿಕೊಳ್ಳುವ ವರ್ಷಗಳು, ಹಾಗೆಯೇ ಕಳೆದುಹೋದವು.

ಈಗ ಪ್ರಶ್ನಾವಳಿಯ ವಿಷಯಕ್ಕೆ ಬರುತ್ತೇನೆ. ವೈದ್ಯರೋ ಕಾರ್ಯಕರ್ತೆಯೋ ಕೂಸನ್ನು ನೇರವಾಗಿ ಮಾತಾಡಿಸಿ ನೋಡಿದರೆ ಸಾಲದೇ, ತಾಯಿಯನ್ನೇ ಏಕೆ ಕೇಳಬೇಕು ಎಂದು ಹಲವರು ಕೇಳುತ್ತಾರೆ. ಸಾಲದು. ಲಸಿಕೆಯ ದಿನ ಅಂಗನವಾಡಿಗೆ ಬಂದು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಹೊಸ್ತಿಲು ದಾಟುವ ಮೊದಲೇ ಕೂಸು ತಾಯಿಯ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತದೆ; ಸಿಸ್ಟರ್ ‘ನಿನ್ನ ಹೆಸರೇನು ಪುಟ್ಟಿ?’ ಎಂದು ಎಷ್ಟೇ ಅಕ್ಕರೆಯಿಂದ ಕೇಳಿದರೂ ತಾಯಿಯ ಹೆಗಲಲ್ಲಿ ಮುಖ ಹುದುಗಿಸುತ್ತದೆ. ಅದೇ ಕೂಸು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ ಎರಡೇ ನಿಮಿಷಕ್ಕೆ ಬೆರಳೆತ್ತಿ ‘ಕಾಗಿ ಹೋತು’ ಎನ್ನುವುದನ್ನು ನಾನು ಕಿಟಕಿಯೊಳಗಿಂದ ಕೇಳಿದ್ದೇನೆ. ಒಳಗೆ ಬರೆದ ದಾಖಲೆಯ ಪ್ರಕಾರ ಅದಕ್ಕೆ ಮಾತಿಲ್ಲ. ಹೊರಗೆ ಅದು ಎರಡು ಪದ ಕೂಡಿಸಿ, ನಡೆದದ್ದನ್ನು ನೋಡಿ, ತಾಯಿಗೆ ವರದಿ ಒಪ್ಪಿಸುತ್ತಿದೆ. ಎರಡು ವರ್ಷದ ಮಗುವಿನ ಮಾತು ಅಪರಿಚಿತರ ಎದುರು ಹೊರಬರುವುದಿಲ್ಲ. ಅದನ್ನು ದಿನವಿಡೀ ಕೇಳುವವರು ಮನೆಯವರು ಮಾತ್ರ, ಆದ್ದರಿಂದ ಸಾಕ್ಷಿ ನುಡಿಯಬೇಕಾದವರೂ ಅವರೇ.

ಆದರೆ ಸಾಕ್ಷಿಯನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ‘ನಿಮ್ಮ ಹುಡುಗ ಎಷ್ಟು ಪದ ಆಡುತ್ತಾನೆ?’ ಎಂದು ಕೇಳಿದರೆ ಯಾವ ತಾಯಿಯೂ ಸರಿಯಾಗಿ ಹೇಳಲಾರಳು. ನಿವೃತ್ತಿಗೆ ಮುಂಚಿನ ವರ್ಷ ನಮ್ಮ ಓಣಿಯ ಒಬ್ಬ ತಾಯಿಗೆ ನಾನು ಹೀಗೆಯೇ ಕೇಳಿದಾಗ ಆಕೆ ಯೋಚಿಸಿ, ‘ನಾಕೈದು ಅಂತಾನ್ರಿ ಅಕ್ಕಾರ’ ಎಂದಳು. ಬಳಿಕ ಮನೆಯ ಜನ, ಮೈಯ ಅಂಗಗಳು, ತಿನ್ನುವ ವಸ್ತು, ದನಕರು, ಆಟಿಕೆ, ಕೆಲಸ ಹೀಗೆ ಗುಂಪು ಮಾಡಿ ಬರೆದುಕೊಂಡಿದ್ದ ಪಟ್ಟಿಯನ್ನು ಒಂದೊಂದಾಗಿ ಓದಿದೆ. ಅಪ್ಪ, ಅವ್ವ, ಆಯಿ, ಕಾಕಾ, ಮಾಮಾ ಎನ್ನುತ್ತಲೇ ಆಕೆ ತಲೆಯಾಡಿಸಿದಳು. ‘ಆಕಳಕ್ಕೆ ಅಂಬಾ ಅಂತಾನ, ಅದನ್ನ ಹಿಡೀತೀರೇನು?’ ಎಂದು ತಾನೇ ಕೇಳಿದಳು. ಪಟ್ಟಿ ಮುಗಿಯುವಷ್ಟರಲ್ಲಿ ನನ್ನ ಗೆರೆಗಳು 41 ಆಗಿದ್ದವು. ನೆನಪು ಮಾಡಿಕೊಂಡು ಹೇಳುವುದು ಕಷ್ಟ, ಎದುರಿಗಿಟ್ಟರೆ ಗುರುತಿಸುವುದು ಸುಲಭ. ಈ ಬಗೆಯ ಪ್ರಶ್ನಾವಳಿಗಳೆಲ್ಲ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ. ಎರಡನೆಯ ಕಟ್ಟಳೆಯೆಂದರೆ, ಈಗ ಆಡುತ್ತಿರುವುದನ್ನು ಮಾತ್ರ ಕೇಳಬೇಕು. ‘ಮೊದಲ ಪದ ಯಾವ ತಿಂಗಳಲ್ಲಿ ಆಡಿದ?’ ಎಂದು ಹಿಂದಿನದನ್ನು ಕೆದಕಿದರೆ ಉತ್ತರ ಊಹೆಯಾಗುತ್ತದೆ.

ಈ ವಿಧಾನ ಇಂದು ನಿನ್ನೆಯದಲ್ಲ. ಲೆಸ್ಲಿ ರೆಸ್ಕೋರ್ಲಾ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1989ರಲ್ಲಿ ಪ್ರಕಟಿಸಿದ ಭಾಷಾ ಬೆಳವಣಿಗೆ ಸಮೀಕ್ಷೆಯಲ್ಲಿ ಸುಮಾರು 310 ಪದಗಳ ಪಟ್ಟಿಯಿದೆ. ತಂದೆತಾಯಿ ಹತ್ತು ನಿಮಿಷದಲ್ಲಿ ಗುರುತು ಹಾಕಿ ಮುಗಿಸಬಹುದು. 24 ತಿಂಗಳಿಗೆ 50ಕ್ಕಿಂತ ಕಡಿಮೆ ಪದ ಆಡುವ ಅಥವಾ ಎರಡು ಪದಗಳನ್ನು ಇನ್ನೂ ಕೂಡಿಸದ ಮಗುವಿನ ಮೇಲೆ ನಿಗಾ ಇಡಬೇಕು ಎಂಬ ಸರಳ ಗಡಿ ಬಳಕೆಗೆ ಬಂದದ್ದು ಅಲ್ಲಿಂದ. ಮ್ಯಾಕ್‌ಆರ್ಥರ್ ಬೇಟ್ಸ್ ಹೆಸರಿನ ಇನ್ನೊಂದು ಪ್ರಶ್ನಾವಳಿಯಲ್ಲಿ 16ರಿಂದ 30 ತಿಂಗಳ ಮಕ್ಕಳಿಗೆ 680 ಪದಗಳಿವೆ, ಕೊನೆಯ ಭಾಗದಲ್ಲಿ ವಾಕ್ಯ ಜೋಡಣೆಯ ಪ್ರಶ್ನೆಗಳಿವೆ. ಜಗತ್ತಿನ ನೂರಕ್ಕೂ ಹೆಚ್ಚು ಭಾಷೆಗಳಿಗೆ ಅದನ್ನು ಒಗ್ಗಿಸಿಕೊಂಡಿದ್ದಾರೆ. ನಮ್ಮ ನೆರೆಯ ಕೇರಳದಲ್ಲಿ, ತಿರುವನಂತಪುರದ ಶಿಶು ಅಭಿವೃದ್ಧಿ ಕೇಂದ್ರವು ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ತನ್ನದೇ ಭಾಷಾ ಮಾಪನ ಪಟ್ಟಿಯನ್ನು ರೂಪಿಸಿದೆ. ನಮ್ಮ ರಾಜ್ಯದಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಹೀಗಿರುವಾಗ ವಿಜಯಪುರದ ಹಳ್ಳಿಯ ಅಂಗನವಾಡಿಯಲ್ಲಿ ಇಂಥ ಒಂದು ಪಟ್ಟಿ ಗೋಡೆಯ ಮೇಲೆ ತೂಗುವಂತೆ ಮಾಡುವುದು ಆಗದ ಕೆಲಸವೇನಲ್ಲ.

ಆದರೆ ಇಂಗ್ಲಿಷಿನ ಪಟ್ಟಿಯನ್ನು ಯಾರೋ ಮೇಜಿನ ಮುಂದೆ ಕುಳಿತು ಕನ್ನಡಕ್ಕೆ ಇಳಿಸಿ ಮುದ್ರಿಸಿ ಕಳಿಸಿದರೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಅಲ್ಲಿನ ಪಟ್ಟಿಯಲ್ಲಿ ಹಿಮವಿದೆ, ಹಿಮದ ಬೊಂಬೆಯಿದೆ. ನಮ್ಮ ಕೂಸಿಗೆ ಅದರ ಪರಿವೆಯಿಲ್ಲ. ಸರಿ, ಕನ್ನಡದಲ್ಲೇ ಮಾಡಿದೆವು ಎಂದುಕೊಂಡರೂ ಯಾವ ಕನ್ನಡ ಎಂಬ ಪ್ರಶ್ನೆ ಉಳಿಯುತ್ತದೆ. ಮೈಸೂರು ಸೀಮೆಯ ಪಟ್ಟಿಯಲ್ಲಿ ಹಸು, ಈರುಳ್ಳಿ, ಬಟ್ಟೆ, ಮುದ್ದೆ ಇರುತ್ತವೆ. ನಮ್ಮ ಕೂಸು ಆಡುವುದು ಆಕಳ, ಉಳ್ಳಾಗಡ್ಡಿ, ಅರಿವಿ, ರೊಟ್ಟಿ. ‘ಹಸು ಅನ್ನುತ್ತದೆಯೇ?’ ಎಂದು ಕೇಳಿದರೆ ಇಂಡಿಯ ತಾಯಿ ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಾಳೆ, ಒಂದು ಪದ ಲೆಕ್ಕ ತಪ್ಪುತ್ತದೆ. ಪುಗ್ಗಾ, ಕುಂಚಿಗಿ, ಚಕ್ಕಡಿ, ಶೇಂಗಾ, ಕಾಯಿಪಲ್ಲೆ ನಮ್ಮ ಪಟ್ಟಿಯಲ್ಲಿ ಇರಲೇಬೇಕು. ಕೂಸಿನ ನುಡಿಗಳಾದ ‘ಮಮ್ಮು’, ‘ಜೋಜೋ’, ‘ಬೌಬೌ’, ‘ಟಾಟಾ’ ಕೂಡ ಪದಗಳೇ ಎಂದು ಕೇಳುವವಳಿಗೆ ಮೊದಲೇ ತಿಳಿಸಿರಬೇಕು. ‘ರೊಟ್ಟಿ’ಯನ್ನು ‘ಒಟ್ಟಿ’ ಎಂದರೂ, ಪ್ರತಿ ಸಲ ಅದೇ ವಸ್ತುವಿಗೆ ಅದನ್ನೇ ಹೇಳಿದರೆ ಅದೂ ಪದವೇ. ಉಚ್ಚಾರ ಸರಿಯಿಲ್ಲವೆಂದು ಪದವನ್ನೇ ಹೊಡೆದುಹಾಕುವ ಕಾರ್ಯಕರ್ತೆಯರನ್ನು ನಾನು ಕಂಡಿದ್ದೇನೆ.

ಎರಡು ಪದ ಕೂಡಿಸುವ ಪ್ರಶ್ನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ಇದನ್ನು ಭಾಷಾತಜ್ಞರು ಗಮನಿಸಬೇಕೆಂದು ವಿನಂತಿಸುತ್ತೇನೆ. ‘ಅಪ್ಪ ಬಾ’, ‘ಹಾಲ ಬೇಕ’ ಎಂಬವು ಎರಡು ಪದಗಳೆಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಇಂಗ್ಲಿಷಿನಲ್ಲಿ ಬಿಡಿ ಪದಗಳನ್ನು ಒಂದರ ಪಕ್ಕ ಒಂದಿಟ್ಟು ಹೇಳುವುದನ್ನು ಕನ್ನಡದ ಕೂಸು ಒಂದೇ ಪದದ ತುದಿಗೆ ಪ್ರತ್ಯಯ ಹಚ್ಚಿ ಹೇಳಿಬಿಡುತ್ತದೆ. ‘ಅವ್ವಗ’ ಎಂದರೆ ಅವ್ವನಿಗೆ ಕೊಡಬೇಕೆಂದು, ‘ಮನ್ಯಾಗ’ ಎಂದರೆ ಮನೆಯೊಳಗಿದೆ ಎಂದು. ‘ಒಲ್ಲೆ’ ಎಂಬ ಒಂದೇ ಪದದಲ್ಲಿ ನಾನು ಎಂಬುದೂ ಇದೆ, ಬೇಡ ಎಂಬುದೂ ಇದೆ. ‘ಅವ್ವ’ ಮತ್ತು ‘ಅವ್ವಗ’ ಎರಡನ್ನೂ ತಕ್ಕ ಜಾಗದಲ್ಲಿ ಬಳಸುವ ಕೂಸಿಗೆ ವ್ಯಾಕರಣ ಮೊಳೆಯುತ್ತಿದೆ ಎಂದೇ ಅರ್ಥ. ಪ್ರಶ್ನಾವಳಿ ಈ ಮೊಳಕೆಯನ್ನು ಕಾಣದೆ ‘ಎರಡು ಪದ ಕೂಡಿಸುವುದಿಲ್ಲ’ ಎಂದು ಬರೆದುಕೊಂಡರೆ ತಪ್ಪು ಕೂಸಿನದಲ್ಲ, ಪ್ರಶ್ನೆಯದು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಒಂದೇ ಭಾಷೆಯ ಮನೆಗಳಷ್ಟೇ ಇಲ್ಲ. ವಿಜಯಪುರ ಪಟ್ಟಣದ ಎಷ್ಟೋ ಓಣಿಗಳಲ್ಲಿ ಮನೆಯೊಳಗೆ ದಖ್ಖನಿ ಉರ್ದು, ಬಾಗಿಲಾಚೆ ಕನ್ನಡ, ತಾಂಡಾಗಳಲ್ಲಿ ಲಂಬಾಣಿ, ಚಡಚಣದಿಂದ ಬೆಳಗಾವಿಯವರೆಗಿನ ಗಡಿಯುದ್ದಕ್ಕೂ ಮರಾಠಿ. ಇಂಥ ಮನೆಯ ಕೂಸಿನ ಪದಗಳನ್ನು ಒಂದೇ ಭಾಷೆಯಲ್ಲಿ ಎಣಿಸಿದರೆ ಅರ್ಧ ಮಾತು ಲೆಕ್ಕಕ್ಕೇ ಬರುವುದಿಲ್ಲ. ಕನ್ನಡದಲ್ಲಿ 30, ಲಂಬಾಣಿಯಲ್ಲಿ 30 ಪದ ಆಡುವ ಮಗುವಿಗೆ 60 ಪದಗಳಿವೆ. ಕನ್ನಡದ ಪಟ್ಟಿಯೊಂದನ್ನೇ ಹಿಡಿದರೆ ಅದು ಹಿಂದುಳಿದ ಮಗು ಎನಿಸಿಕೊಳ್ಳುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಭಾಷಾ ಬೆಳವಣಿಗೆಗೆ ಧಕ್ಕೆಯಾಗುವುದಿಲ್ಲ ಎಂದು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಹಾಗಿದ್ದರೂ ‘ಮನೆಯಲ್ಲಿ ನಿಮ್ಮ ಭಾಷೆ ಬಿಟ್ಟು ಒಂದೇ ಭಾಷೆ ಮಾತಾಡಿರಿ’ ಎಂದು ತಾಯಂದಿರಿಗೆ ಬುದ್ಧಿ ಹೇಳುವವರು ಇನ್ನೂ ಇದ್ದಾರೆ. ತಾಯಿ ತನಗೆ ಸಲೀಸಾಗಿ ಬರುವ ಮಾತು ಬಿಟ್ಟು, ತಡವರಿಸುವ ಮಾತಿನಲ್ಲಿ ಕೂಸನ್ನು ಆಡಿಸಹೊರಟರೆ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ. ಈ ಸಲಹೆಯನ್ನು ದಯವಿಟ್ಟು ನಿಲ್ಲಿಸಬೇಕು.

ಮಾತಾಡುವುದನ್ನು ಕೇಳಿದಷ್ಟೇ ಎಚ್ಚರಿಕೆಯಿಂದ ತಿಳಿದುಕೊಳ್ಳುವುದನ್ನೂ ಕೇಳಬೇಕು. ತಾಯಿಯ ಉತ್ತರ ಹೆಚ್ಚು ದಾರಿ ತಪ್ಪಿಸುವುದು ಇಲ್ಲಿಯೇ. ‘ಹೇಳಿದ್ದು ತಿಳಿಯುತ್ತದೆಯೇ?’ ಎಂದರೆ ‘ಎಲ್ಲಾ ತಿಳಿತೈತ್ರಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಕೆ ಸುಳ್ಳು ಹೇಳುತ್ತಿಲ್ಲ. ‘ಚೆಂಡು ತಾ’ ಎನ್ನುವಾಗ ಆಕೆಯ ಕಣ್ಣು ಚೆಂಡಿನತ್ತ ಹೋಗಿರುತ್ತದೆ, ಕೈಯೂ ಚಾಚಿರುತ್ತದೆ. ಕೂಸು ಕಣ್ಣು ಕೈ ನೋಡಿಕೊಂಡು ಚೆಂಡು ತರುತ್ತದೆ. ನನ್ನ ತಮ್ಮನ ಮೊಮ್ಮಗಳು ನಮ್ಮನ್ನೆಲ್ಲ ಮೂರು ವರ್ಷ ನಂಬಿಸಿದ್ದು ಹೀಗೆಯೇ. ಆದ್ದರಿಂದ ಪ್ರಶ್ನೆ ‘ನೀವು ಕೈ ತೋರಿಸದೆ, ಆ ಕಡೆ ನೋಡದೆ, ಬರೀ ಬಾಯಲ್ಲಿ ಹೇಳಿದರೆ ಕೂಸು ಚೆಂಡು ತರುತ್ತದೆಯೇ?’ ಎಂದಿರಬೇಕು. ಕಿವಿಯ ಪ್ರಶ್ನೆಯೂ ಅಷ್ಟೇ. ತಾಟು ಬೀಳಿಸಿದರೆ ಬೆಚ್ಚುತ್ತದೆ ಎಂಬುದು ಸಾಕ್ಷಿಯಲ್ಲ, ನೆಲದ ಅದುರು ಕಾಲಿಗೆ ತಾಗಿರಬಹುದು. ಹಿಂದೆ ನಿಂತು ಚಪ್ಪಾಳೆ ತಟ್ಟಿದರೆ ತಿರುಗುತ್ತದೆ ಎಂಬುದೂ ಅಲ್ಲ, ನೆರಳು ಕಂಡಿರಬಹುದು. ಇನ್ನೊಂದು ಕೋಣೆಯಿಂದ ಮೆಲ್ಲಗೆ ಹೆಸರು ಹಿಡಿದು ಕರೆದರೆ ಏನು ಮಾಡುತ್ತದೆ ಎಂದು ಕೇಳಬೇಕು. ಅದಕ್ಕೆ ‘ತಿರುಗಿ ನೋಡುತ್ತದೆ’ ಎಂಬ ಉತ್ತರ ಬಂದರೂ, ಮಾತು ತಡವಾಗಿರುವ ಪ್ರತಿ ಕೂಸಿನ ಕಿವಿಯನ್ನು ಯಂತ್ರದಿಂದ ಪರೀಕ್ಷಿಸಲೇಬೇಕು.

ಪ್ರಶ್ನೆಗೆ ಉತ್ತರಿಸುವವರು ಯಾರು ಎಂಬುದನ್ನೂ ನಮ್ಮ ಭಾಗದಲ್ಲಿ ಯೋಚಿಸಬೇಕಾಗುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಹೊರಟರೆ ಎಷ್ಟೋ ತಾಯಂದಿರು ತಿಂಗಳುಗಟ್ಟಲೆ ಊರಲ್ಲಿ ಇರುವುದಿಲ್ಲ. ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋದವರು ಕೂಸನ್ನು ಅಜ್ಜಿಯ ಬಳಿ ಬಿಟ್ಟಿರುತ್ತಾರೆ. ಆಗ ಕೂಸಿನ ಮಾತು ಬಲ್ಲವಳು ಅಜ್ಜಿ, ಅವಳನ್ನೇ ಕೇಳಬೇಕು. ಕಾಗದ ಕೊಟ್ಟು ತುಂಬಿಕೊಂಡು ಬಾ ಎನ್ನುವುದು ಓದು ಬಾರದವರನ್ನು ನಾಚಿಸಿದಂತೆ. ಕಾರ್ಯಕರ್ತೆಯೇ ಕುಳಿತು ಓದಿ ಹೇಳಬೇಕು. ಸಾಲಿನಲ್ಲಿ ನಿಂತ ಹತ್ತು ಜನರ ಎದುರು ಕೇಳಿದರೆ ಯಾವ ತಾಯಿಯೂ ‘ನನ್ನ ಮಗ ಮಾತಾಡುವುದಿಲ್ಲ’ ಎನ್ನುವುದಿಲ್ಲ. ಅಂಗನವಾಡಿ ಅಕ್ಕನ ಮನಸ್ಸು ನೋಯಬಾರದೆಂದು ಎಲ್ಲದಕ್ಕೂ ‘ಹೂಂರಿ’ ಎನ್ನುವವರೂ ಇದ್ದಾರೆ. ಅಂಥವರಿಗೆ ‘ಹೇಗೆ ಅನ್ನುತ್ತಾನೆ, ಒಮ್ಮೆ ಅಂದು ತೋರಿಸು’ ಎಂದು ಕೇಳಿದರೆ ನಿಜ ಗೊತ್ತಾಗುತ್ತದೆ.

ಈ ವಿಧಾನದ ಮಿತಿಯನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಇಷ್ಟವಿಲ್ಲ. ಎರಡು ವರ್ಷದ ನೂರು ಮಕ್ಕಳಲ್ಲಿ ಸುಮಾರು ಹತ್ತರಿಂದ ಹದಿನೈದು ಮಕ್ಕಳು ಮಾತಿನಲ್ಲಿ ಹಿಂದಿರುತ್ತವೆ, ಅವುಗಳಲ್ಲಿ ಹೆಚ್ಚಿನವು ಶಾಲೆಗೆ ಹೋಗುವ ಹೊತ್ತಿಗೆ ತಾವಾಗಿಯೇ ಸರಿಹೋಗುತ್ತವೆ. ಅಂದರೆ ಪ್ರಶ್ನಾವಳಿ ಕೆಲವು ಮನೆಗಳಲ್ಲಿ ವಿನಾಕಾರಣ ಚಿಂತೆ ಹುಟ್ಟಿಸುತ್ತದೆ. ಇನ್ನೊಂದೆಡೆ, ಎರಡು ವರ್ಷಕ್ಕೆ ಸರಿಯಾಗಿಯೇ ಕಂಡು ಮುಂದೆ ಭಾಷೆಯಲ್ಲಿ ತೊಡಕು ಕಾಣಿಸಿಕೊಳ್ಳುವ ಮಕ್ಕಳನ್ನು ಅದು ಹಿಡಿಯಲಾರದು. ಶಾಲೆ ಸೇರುವ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ಏಳು ಮಕ್ಕಳಿಗೆ, ಬೇರಾವ ಕಾರಣವೂ ಕಾಣದೆ, ಭಾಷೆಯದೇ ತೊಡಕು ಇರುತ್ತದೆ. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2024ರ ಜನವರಿಯಲ್ಲಿ, ತಂದೆತಾಯಿಗೆ ಯಾವ ಅನುಮಾನವೂ ಇಲ್ಲದ ಐದು ವರ್ಷದೊಳಗಿನ ಮಕ್ಕಳನ್ನೆಲ್ಲ ಹೀಗೆ ತಪಾಸಣೆಗೆ ಒಳಪಡಿಸುವುದರ ಲಾಭ ಹಾನಿಗಳನ್ನು ತೂಗಲು ಸಾಕಷ್ಟು ಪುರಾವೆಯಿಲ್ಲ ಎಂದು ಹೇಳಿದೆ. ಇದನ್ನು ಹಿಡಿದು ‘ನೋಡಿರಿ, ಬೇಡವೆಂದೇ ಹೇಳಿದ್ದಾರೆ’ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ಪುರಾವೆ ಸಾಲದು ಎಂಬುದು ಬೇಡ ಎಂಬ ಮಾತಲ್ಲ, ಅಲ್ಲಿನ ಶಿಶುವಿಗೆ ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲೇ ಕಿವಿ ಪರೀಕ್ಷೆ ಆಗಿರುತ್ತದೆ, ಮಕ್ಕಳ ವೈದ್ಯರು ನಿಗದಿತ ತಿಂಗಳುಗಳಲ್ಲಿ ಬೆಳವಣಿಗೆ ವಿಚಾರಿಸುತ್ತಾರೆ. ನಮ್ಮ ಹಳ್ಳಿಯ ತಾಯಿಗೆ ಈ ಪ್ರಶ್ನಾವಳಿಯೇ ಮೊದಲ ವಿಚಾರಣೆ. ಅನುಮಾನ ಅವಳಿಗೆ ಇದ್ದೇ ಇರುತ್ತದೆ, ಅದನ್ನು ಹೊರಗೆ ಹೇಳುವ ಅವಕಾಶವಿರುವುದಿಲ್ಲ.

ಆದ್ದರಿಂದ ಪ್ರಶ್ನಾವಳಿಯ ಫಲಿತಾಂಶವನ್ನು ತೀರ್ಪೆಂದು ಯಾರೂ ತಿಳಿಯಬಾರದು. ಕಡಿಮೆ ಪದಗಳ ಕೂಸಿಗೆ ಮೊದಲು ಕಿವಿ ಪರೀಕ್ಷೆ, ತಾಯಿಗೆ ಮನೆಯಲ್ಲಿ ಮಾಡಬೇಕಾದುದರ ತಿಳಿವಳಿಕೆ, ಮೂರು ತಿಂಗಳ ಬಳಿಕ ಅದೇ ಪಟ್ಟಿಯನ್ನು ಮತ್ತೆ ಓದುವುದು. ಆಗಲೂ ಪದ ಬೆಳೆದಿರದಿದ್ದರೆ ವಾಕ್ ಶ್ರವಣ ತಜ್ಞರ ಬಳಿಗೆ. ಕೆಲವು ಲಕ್ಷಣಗಳಿಗೆ ಮಾತ್ರ ಈ ಮೂರು ತಿಂಗಳ ಕಾಯುವಿಕೆಯೂ ಸಲ್ಲದು: ವರ್ಷ ತುಂಬಿದರೂ ಬಬ್ಬಬ್ಬ ಮಮ್ಮಮ್ಮ ಎಂದು ತೊದಲದ, ಬೆರಳಿಟ್ಟು ತೋರಿಸದ, ಟಾಟಾ ಮಾಡದ ಕೂಸು, 16 ತಿಂಗಳಿಗೆ ಒಂದು ಪದವೂ ಇಲ್ಲದ ಕೂಸು, ಎಲ್ಲಕ್ಕಿಂತ ಮುಖ್ಯವಾಗಿ, ಬಂದಿದ್ದ ಮಾತು ನಿಂತುಹೋದ ಕೂಸು, ಅದು ಯಾವ ವಯಸ್ಸಿನದೇ ಆಗಿರಲಿ. ಆಟಿಸಂ ಅನುಮಾನಕ್ಕೆ 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆಗಳ ಬೇರೆಯೇ ಪ್ರಶ್ನಾವಳಿಯಿದೆ. ಪದಗಳ ಎಣಿಕೆ ಅದರ ಕೆಲಸವನ್ನು ಮಾಡಲಾರದು.

ಕಳಿಸಬೇಕಾದ್ದು ಎಲ್ಲಿಗೆ ಎಂಬುದೇ ದೊಡ್ಡ ತೊಡಕು. ಜಿಲ್ಲಾ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ ಜಿಲ್ಲಾಸ್ಪತ್ರೆಯಲ್ಲಿದ್ದರೆ, ದೂರದ ಹಳ್ಳಿಯ ಕೂಲಿ ಮಾಡುವ ತಾಯಿಗೆ ಅಲ್ಲಿಗೆ ಹೋಗಿಬರಲು ಒಂದು ದಿನದ ಪಗಾರವೂ ಹೋಗುತ್ತದೆ, ಬಸ್ಸಿನ ಖರ್ಚೂ ಬೀಳುತ್ತದೆ. ಹೆಣ್ಣುಮಕ್ಕಳಿಗೆ ಬಸ್ ಉಚಿತವಾದ ಮೇಲೆ ಎರಡನೆಯದು ಸ್ವಲ್ಪ ಹಗುರಾಗಿದೆ. ಇನ್ನು ಮೈಸೂರಿಗೆ ಎಂದರೆ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪ್ರಯಾಣ. ಒಮ್ಮೆ ಹೋಗಿ ಬಂದವರು ವಾರಕ್ಕೊಮ್ಮೆ ಥೆರಪಿ ಎಂದಾಗ ಕೈಬಿಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ನಿಗದಿತ ದಿನ, ಕೈಯಲ್ಲಿ ಹಿಡಿದು ಒಯ್ಯಬಹುದಾದ, ಕೂಸಿನ ಕಿವಿ ತಪಾಸಣೆ ಮಾಡುವ ಓಎಇ ಯಂತ್ರದೊಂದಿಗೆ ತಜ್ಞರೊಬ್ಬರು ಬಂದು ಕುಳಿತರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ಅವುಗಳ ಕಿವಿ ಮೂಗು ಗಂಟಲು ವಿಭಾಗಗಳು ಈ ಹೊಣೆಯನ್ನು ಹಂಚಿಕೊಳ್ಳಬಹುದು. ಕಳಿಸುವ ದಾರಿಯನ್ನು ಸಿದ್ಧಮಾಡದೆ ಪ್ರಶ್ನಾವಳಿಯನ್ನಷ್ಟೇ ಹಂಚಿದರೆ ನಾವು ತಾಯಂದಿರಿಗೆ ಹೆದರಿಕೆಯನ್ನು ಮಾತ್ರ ಹಂಚಿದಂತಾಗುತ್ತದೆ.

ಪಟ್ಟಿ ಓದಿ ಮುಗಿದ ಮೇಲೆ ತಾಯಿಗೆ ಹೇಳುವ ಮಾತಿನ ಬಗ್ಗೆಯೂ ಎಚ್ಚರ ಬೇಕು. ‘ನೀನು ಕೂಸನ್ನು ಮಾತಾಡಿಸುವುದಿಲ್ಲ, ಬರೀ ಮೊಬೈಲ್ ಕೊಡುತ್ತೀಯ’ ಎಂದು ಎಲ್ಲರೆದುರು ಬೈದರೆ ಆಕೆ ಮತ್ತೆ ಬರುವುದಿಲ್ಲ. ಮೊಬೈಲ್ ತೋರಿಸಿ ಉಣ್ಣಿಸುವುದು ಒಳ್ಳೆಯದಲ್ಲ, ನಿಜ; ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದೇ ತಜ್ಞರು ಹೇಳುತ್ತಾರೆ. ಆದರೆ ಅದನ್ನು ಹೇಳುವ ರೀತಿ ಬೇರೆ. ರೊಟ್ಟಿ ಬಡಿಯುವಾಗ ಕೂಸನ್ನು ಎದುರಿಗೆ ಕೂರಿಸಿಕೊಂಡು ‘ಹಿಟ್ಟು, ನೀರು, ಬಡಿ ಬಡಿ’ ಎಂದು ಮಾಡುವ ಕೆಲಸವನ್ನೇ ಮಾತಾಗಿಸುವುದು, ಕೂಸು ‘ರೊಟ್ಟಿ’ ಎಂದರೆ ‘ಹೂಂ, ಬಿಸಿ ರೊಟ್ಟಿ’ ಎಂದು ಒಂದು ಪದ ಕೂಡಿಸಿ ತಿರುಗಿ ಹೇಳುವುದು, ಕೇಳಿದ ಮೇಲೆ ಉತ್ತರಕ್ಕಾಗಿ ಸ್ವಲ್ಪ ಹೊತ್ತು ಸುಮ್ಮನೆ ಕಾಯುವುದು. ತಂದೆತಾಯಿ ಹೀಗೆ ಮಾಡುವುದರಿಂದ ಮಾತು ತಡವಾದ ಮಕ್ಕಳಿಗೆ ಪ್ರಯೋಜನವಾಗುತ್ತದೆ ಎಂಬುದಕ್ಕೆ ಒಳ್ಳೆಯ ಸಂಶೋಧನೆಯ ಆಧಾರವಿದೆ, ಖರ್ಚಂತೂ ಇಲ್ಲ. ನಾಲಿಗೆಗೆ ಬಜೆ ಬೇರು ತೇಯ್ದು ಹಚ್ಚುವುದರಿಂದ, ನಾಲಿಗೆಯ ಕೆಳಗಿನ ಎಳೆಯನ್ನು ಸುಮ್ಮನೆ ಕತ್ತರಿಸುವುದರಿಂದ ಪದಗಳು ಬರುವುದಿಲ್ಲ. ಸೋರುವ ಕಿವಿಗೆ ಬಿಸಿ ಎಣ್ಣೆ ಹಾಕುವುದಂತೂ ಅಪಾಯ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಒಂದೇ. 16ರಿಂದ 24 ತಿಂಗಳ ನಡುವೆ ಪ್ರತಿ ಕೂಸು ದಡಾರ ರುಬೆಲ್ಲಾದ ಎರಡನೆಯ ಚುಚ್ಚುಮದ್ದಿಗೆ ಬರುತ್ತದೆ. ತಾಯಿ, ಕೂಸು, ಸಿಸ್ಟರ್, ಆಶಾ, ಅಂಗನವಾಡಿ ಕಾರ್ಯಕರ್ತೆ ಐದೂ ಜನ ಒಂದೇ ಸೂರಿನಡಿ ಸೇರುವ ದಿನ ಅದು. ಚುಚ್ಚುಮದ್ದಿನ ಬಳಿಕ ಅರ್ಧ ಗಂಟೆ ಕೂತು ಹೋಗಬೇಕೆಂಬ ನಿಯಮವೂ ಇದೆ. ಆ ಅರ್ಧ ಗಂಟೆಯಲ್ಲಿ ಒಂದು ಪಟ್ಟಿಯನ್ನು ಓದಿ ಮುಗಿಸಬಹುದು. ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದಿನ ದಿನಾಂಕದ ಪಕ್ಕದಲ್ಲೇ ಪದಗಳ ಸಂಖ್ಯೆ ಮತ್ತು ಕಿವಿಯ ಪ್ರಶ್ನೆಯ ಉತ್ತರ ಬರೆಯಲು ಒಂದು ಸಾಲು ಬಿಟ್ಟರೆ ಸಾಕು. ಆ ವಯಸ್ಸಿಗೆ 50 ಪದವಿರಬೇಕೆಂದು ನಾನು ಹೇಳುತ್ತಿಲ್ಲ. 24 ತಿಂಗಳ ಗಡಿಯನ್ನು 16 ತಿಂಗಳ ಕೂಸಿಗೆ ಹಚ್ಚುವುದು ತಪ್ಪು. ಅಂದು ಬರೆದಿಟ್ಟ ಸಂಖ್ಯೆ ಎರಡು ವರ್ಷ ತುಂಬಿದಾಗ ಹೋಲಿಸಿ ನೋಡಲು ಬೇಕಾಗುತ್ತದೆ. ಆ ಎರಡನೆಯ ಎಣಿಕೆಯನ್ನು ಆಹಾರದ ಪೊಟ್ಟಣ ಒಯ್ಯಲು ತಾಯಿ ತಿಂಗಳಿಗೊಮ್ಮೆ ಅಂಗನವಾಡಿಗೆ ಬಂದಾಗ ಕಾರ್ಯಕರ್ತೆಯೇ ಮಾಡಬಹುದು. ಕಾರ್ಯಕರ್ತೆಯರ ಹೆಗಲ ಮೇಲೆ ಈಗಾಗಲೇ ಎಷ್ಟು ಕೆಲಸವಿದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಅಂಗನವಾಡಿಯ ವಿವರ ದಾಖಲಿಸುವ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ಹಾಕುವ ಹತ್ತಾರು ವಿವರಗಳಲ್ಲಿ ಒಂದೆರಡನ್ನು ಕೈಬಿಟ್ಟು ಇದಕ್ಕೆ ಹೊತ್ತು ಮಾಡಿಕೊಡಬೇಕೇ ಹೊರತು ಇದನ್ನೂ ಅದರ ಮೇಲೆ ಹೇರಬಾರದು.

ಪಟ್ಟಿಯನ್ನು ಮೈಸೂರಿನ ತಜ್ಞರೇ ಮಾಡಲಿ, ಆದರೆ ಕರಡನ್ನು ಇಂಡಿ, ಹುನಗುಂದ, ಅಥಣಿಯಂಥ ಕಡೆಗೆ ತಂದು ಇಲ್ಲಿನ ತಾಯಂದಿರ ಮುಂದೆ ಓದಿ ತಿದ್ದಿಕೊಳ್ಳಲಿ. ನನ್ನ ಬಳಿ ಒಂದು ಗೆರೆಯ ನೋಟ್‌ಬುಕ್ಕಿನಲ್ಲಿ ನಮ್ಮ ಓಣಿಯ, ಪಕ್ಕದ ತಾಂಡಾದ ಎರಡು ವರ್ಷದ ಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ 212 ಪದಗಳಿವೆ. ಅದು ಶಾಸ್ತ್ರೀಯವಾದ ಪಟ್ಟಿಯಲ್ಲ, ಆದರೆ ಇಲ್ಲಿಯದು. ಯಾರಾದರೂ ಈ ಕೆಲಸಕ್ಕೆ ಮುಂದಾದರೆ ಆ ನೋಟ್‌ಬುಕ್ಕನ್ನು ಕೊಡಲು, ಪಟ್ಟಿ ಓದುವುದನ್ನು ಕಾರ್ಯಕರ್ತೆಯರಿಗೆ ಕಲಿಸಲು ಹಳ್ಳಿ ಹಳ್ಳಿಗೆ ಬರಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ